ಕಮ್ಯುನಿಕೇಶನ್ ಗ್ಯಾಪ್ ಅಂತೆ!

‘ಕಮ್ಯುನಿಕೇಶನ್ ಗ್ಯಾಪ್’ ಅನ್ನೋ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತೆ. ಸಂಬಳ ಕಡಿಮೆ ಬಂತಾ? ಕಮ್ಯುನಿಕೇಶನ್ ಗ್ಯಾಪ್. ಎಂಟು ಗಂಟೆಯ ಶಿಫ್ಟು ಹೇಳದೆ ಕೇಳದೆ ಹನ್ನೆರಡು ಗಂಟೆ ಆಯ್ತಾ? ಕಮ್ಯುನಿಕೇಶನ್ ಗ್ಯಾಪ್. ಸೋಮವಾರ ಆಫೀಸಿಗೆ ಬಂದರೆ ಪಕ್ಕದ ಸೀಟಿನವನ ಲ್ಯಾಪ್‌ಟಾಪು, ಕಾಫಿ ಮಗ್ಗು ಎರಡೂ ಇಲ್ಲ, ಅವನ ಹೆಸರೂ ಚಾಟ್‌ನಲ್ಲಿಲ್ಲವಾ? ಅದೂ ಕಮ್ಯುನಿಕೇಶನ್ ಗ್ಯಾಪೇ. ಜೇಬಿಗೆ ಕೈ ಹಾಕಿ ಸಿಕ್ಕಿಬಿದ್ದವನು ‘ನೀವು ತಪ್ಪು ತಿಳ್ಕೊಂಡ್ರಿ ಸಾರ್’ ಅನ್ನುತ್ತಾನಲ್ಲ, ಈ ಮಾತೂ ಅದೇ ಜಾತಿಯದು.

ಈ ಮಾತಿನ ಚಮತ್ಕಾರ ಏನು ಗೊತ್ತಾ? ಗ್ಯಾಪ್ ಅಂದ ಕೂಡಲೇ ತಪ್ಪು ಯಾರದ್ದೂ ಅಲ್ಲ ಅಂತಾಗುತ್ತೆ. ಒಂದು ಕಡೆ ಕಂಪನಿ, ಇನ್ನೊಂದು ಕಡೆ ಕೆಲಸದವರು, ನಡುವೆ ಎಲ್ಲಿಂದಲೋ ಬಂದು ಬಿದ್ದಿರೋ ಒಂದು ಹಳ್ಳ. ಹಳ್ಳ ತೋಡಿದವರು ಯಾರು ಅಂತ ಕೇಳೋ ಹಾಗಿಲ್ಲ. ಅದರ ಮೇಲೊಂದು ಹಲಗೆ ಹಾಕಿದರೆ ಆಯ್ತು. ಹೊಸ ನ್ಯೂಸ್‌ಲೆಟರು, ತಿಂಗಳಿಗೊಂದು ಟೌನ್‌ಹಾಲು, ಗೋಡೆ ಮೇಲೆ ‘ನಾವೆಲ್ಲ ಒಂದೇ ಕುಟುಂಬ’ ಅನ್ನೋ ಪೋಸ್ಟರು.

ನಮ್ಮದು ಶ್ರೀನಿವಾಸಪುರ. ಕೆಲಸ ಬೆಂಗಳೂರಲ್ಲಿ. ನಮ್ಮ ಜಿಲ್ಲೆಯಲ್ಲೇ ಈ ಹಳ್ಳ ಎಷ್ಟು ಆಳಕ್ಕೆ ಹೋಗಬಹುದು ಅಂತ ಇಡೀ ಜಗತ್ತು ನೋಡಿದೆ. ಆದರೆ ಬೆಂಗಳೂರಿನ ಆಫೀಸುಗಳಲ್ಲಿ ಕೂತ ನಮ್ಮಂಥವರು ಅದನ್ನ ‘ಅಲ್ಲೆಲ್ಲೋ ಫ್ಯಾಕ್ಟರಿ ಗಲಾಟೆ’ ಅಂತ ಮರೆತುಬಿಟ್ಟಿದ್ದೇವೆ. ಹಾಗಾಗಿ ಮೊದಲು ಅದನ್ನ ನೆನಪಿಸ್ತೀನಿ.

2020ರ ಡಿಸೆಂಬರ್ 12, ಶನಿವಾರ. ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶ. ಆಪಲ್‌ಗೆ ಐಫೋನ್ ಜೋಡಿಸಿಕೊಡುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಯೋ ಹೊತ್ತಿಗೆ ಸಿಟ್ಟು ಸ್ಫೋಟವಾಯಿತು. ಗಾಜು ಒಡೆದವು, ವಾಹನಗಳು ಉರುಳಿದವು, ಬೆಂಕಿ ಬಿತ್ತು. ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಬಂಧಿಸಿದರು. ಸಂಜೆಯೊಳಗೆ ವಿಡಿಯೋಗಳು ನಮ್ಮೆಲ್ಲರ ವಾಟ್ಸಾಪಿಗೆ ಬಂದಿದ್ದವು. ‘ಇಂಥವರಿಂದಲೇ ನಮ್ಮ ದೇಶಕ್ಕೆ ಕಂಪನಿಗಳು ಬರಲ್ಲ’ ಅನ್ನೋ ಫಾರ್ವರ್ಡುಗಳೂ ಹಿಂದೆಯೇ ಬಂದವು.

ಒಡೆದದ್ದು ತಪ್ಪು. ಇದನ್ನ ಇಲ್ಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ನನ್ನ ಬಾಯಲ್ಲಿ ಬೇರೆ ಮಾತು ತುರುಕಬಾರದು. ಕೇಸು ಬಿದ್ದಿದ್ದು ಕೂಡ ಹಳ್ಳಿ ಹುಡುಗರ ಮೇಲೇ. ಆದರೆ ಗಾಜು ಒಡೆದದ್ದು ಆ ಕಥೆಯ ಕೊನೇ ಪುಟ. ಅದರ ಹಿಂದಿನ ಪುಟಗಳನ್ನ ಓದದೆ ಕೊನೇ ಪುಟ ಮಾತ್ರ ಹಂಚಿದವರು ನಾವು.

ಹಿಂದಿನ ಪುಟಗಳನ್ನ ಬರೆದಿಟ್ಟಿದ್ದು ಯಾವ ಯೂನಿಯನ್ನೂ ಅಲ್ಲ, ರಾಜ್ಯ ಸರ್ಕಾರದ ಕಾರ್ಖಾನೆಗಳ ಇಲಾಖೆ. ಗಲಾಟೆ ಆದಮೇಲೆ ಅವರ ಅಧಿಕಾರಿಗಳು ಹೋಗಿ ನೋಡಿ ಬರೆದ ವರದಿಯ ಅಂಶಗಳು ಆಗಲೇ ಪತ್ರಿಕೆಗಳಲ್ಲಿ ಬಂದವು. ಸ್ವಲ್ಪ ಕಾಲದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರನ್ನ ನೋಡಿಕೊಳ್ಳೋಕೆ ಕಾರ್ಮಿಕ ಕಾನೂನು ಗೊತ್ತಿರೋ ಎಚ್‌ಆರ್ ಸಿಬ್ಬಂದಿ ಸಾಕಷ್ಟು ಇರಲಿಲ್ಲ. ಹಾಜರಿ ದಾಖಲಿಸೋ ವ್ಯವಸ್ಥೆ ಅಕ್ಟೋಬರ್‌ನಿಂದ ಕೆಟ್ಟಿತ್ತು, ಎರಡು ತಿಂಗಳಾದರೂ ಸರಿಯಾಗಿರಲಿಲ್ಲ. ಎಂಟು ಗಂಟೆಯ ಪಾಳಿಯನ್ನ ಹನ್ನೆರಡು ಗಂಟೆ ಮಾಡಿದ್ದರು, ಅದನ್ನ ಸರಿಯಾಗಿ ತಿಳಿಸಿರಲಿಲ್ಲ. ಗುತ್ತಿಗೆಯವರಿಗೂ ಹೌಸ್‌ಕೀಪಿಂಗ್‌ನವರಿಗೂ ಸಂಬಳ ಕಡಿಮೆ ಹೋಗಿತ್ತು.

ಇದರ ಜೊತೆಗೆ ಕೆಲಸಗಾರರು ಹೇಳಿದ್ದನ್ನೂ ಇಟ್ಟು ನೋಡಿ. ಎಂಜಿನಿಯರಿಂಗ್ ಮುಗಿಸಿದವರಿಗೆ ಹೇಳಿದ್ದು 21,000 ರೂಪಾಯಿ. ಕೈಗೆ ಬಂದದ್ದು ಮೊದಲು 16,000, ಆಮೇಲೆ 12,000. ಬೇರೆ ಓದಿನವರ ಸಂಬಳ 8,000ಕ್ಕೆ ಇಳಿದಿತ್ತು. ಕೆಲವರ ಅಕೌಂಟಿಗೆ ಬಂದದ್ದು 500 ರೂಪಾಯಿ.

ಐನೂರು ರೂಪಾಯಿ! ತಿಂಗಳಿಡೀ ದಿನಕ್ಕೆ ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ, ಬಸ್ಸಲ್ಲಿ ತೂಕಡಿಸಿಕೊಂಡು ಬರೋ ಹುಡುಗನ ಮೊಬೈಲಿಗೆ ಬ್ಯಾಂಕಿನಿಂದ ಮೆಸೇಜು ಬರುತ್ತೆ: ಐನೂರು ಜಮಾ. ಇದರಲ್ಲಿ ಗ್ಯಾಪ್ ಎಲ್ಲಿದೆ ಸ್ವಾಮಿ? ಇಷ್ಟು ಸ್ಪಷ್ಟವಾದ ಮಾತು ಯಾವ ಸಿಇಓ ಭಾಷಣದಲ್ಲೂ ಇರಲ್ಲ. ಅವನು ಅದನ್ನ ಸರಿಯಾಗೇ ಓದಿಕೊಂಡ. ‘ನಿನ್ನ ಲೆಕ್ಕ ಇಡೋಕೆ ನಮಗೆ ಪುರುಸೊತ್ತಿಲ್ಲ’ ಅನ್ನೋದೇ ಅದರ ಅರ್ಥ. ಹೋಗಿ ಕೇಳಿದ, ಉತ್ತರ ಇಲ್ಲ. ಉತ್ತರ ಇಲ್ಲ ಅನ್ನೋದೂ ಒಂದು ಉತ್ತರವೇ.

ಕೇಳೋದು ತಾನೆ ಯಾರನ್ನ? ಆ ಕಾರ್ಖಾನೆಯಲ್ಲಿದ್ದವರಲ್ಲಿ ಬಹುಪಾಲು ಜನ ವಿಸ್ಟ್ರಾನ್ ನೌಕರರೇ ಅಲ್ಲ. ಆರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಲೈನಿನಲ್ಲಿ ಸೂಪರ್‌ವೈಸರನ್ನ ಕೇಳಿದರೆ ಏಜೆನ್ಸಿ ಕಡೆ ಕೈ ತೋರಿಸಬಹುದು, ಏಜೆನ್ಸಿಯವರನ್ನ ಕೇಳಿದರೆ ‘ಕಂಪನಿಯಿಂದ ಹಾಜರಿ ಬಂದಿಲ್ಲ’ ಅನ್ನಬಹುದು. ಕಂಪನಿಯ ಹಾಜರಿ ಮೆಷಿನ್ನು ಕೆಟ್ಟು ಕೂತಿದೆ. ಮೂರೂ ಬಾಗಿಲು ತಟ್ಟಿ ಬಂದವನಿಗೆ ನಾಲ್ಕನೇ ಬಾಗಿಲು ಇರಲಿಲ್ಲ.

ಇದು ಆಕಸ್ಮಿಕವಲ್ಲ, ಹಾಗೆ ಕಟ್ಟಿದ್ದೇ. ಗುತ್ತಿಗೆ ಪದ್ಧತಿಯ ಅನುಕೂಲ ಬರೀ ಖರ್ಚು ಉಳಿಯೋದಲ್ಲ, ಉತ್ತರ ಕೊಡೋ ಕೆಲಸವೂ ಉಳಿಯುತ್ತೆ. ಕಾನೂನು ಇದನ್ನ ಯಾವತ್ತೋ ಊಹಿಸಿತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಸಂಬಳ ಹಂಚುವಾಗ ಮೂಲ ಮಾಲೀಕನ ಪ್ರತಿನಿಧಿ ಎದುರಿಗಿದ್ದು ಸರಿಯಿದೆ ಅಂತ ಸಹಿ ಹಾಕಬೇಕಿತ್ತು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕಿತ್ತು. ಕೆಲಸದ ವೇಳೆ ಬದಲಾಯಿಸೋ ಮುಂಚೆ 21 ದಿನದ ನೋಟಿಸು ಕೊಡಬೇಕು ಅಂತ ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿತ್ತು. 1948ರ ಕಾರ್ಖಾನೆಗಳ ಕಾಯ್ದೆಯ 108ನೇ ಸೆಕ್ಷನ್ನಂತೂ ಇನ್ನೂ ಮುದ್ದಾಗಿತ್ತು. ಗೋಡೆಗೆ ಹಾಕೋ ನೋಟಿಸುಗಳು ಇಂಗ್ಲಿಷಿನಲ್ಲೂ ಇರಬೇಕಿತ್ತು, ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗೋ ಭಾಷೆಯಲ್ಲೂ ಇರಬೇಕಿತ್ತು, ಓದೋಕೆ ಬರೋ ಹಾಗಿರಬೇಕಿತ್ತು. ‘ಇಂಟರ್ನಲ್ ಕಮ್ಯುನಿಕೇಶನ್’ ಅನ್ನೋ ಡಿಪಾರ್ಟ್‌ಮೆಂಟು ಹುಟ್ಟೋಕೆ ಮುಂಚೆಯೇ ನಮ್ಮ ಕಾನೂನು ಪುಸ್ತಕದಲ್ಲಿ ಅದು ಇತ್ತು. ಒಳ್ಳೆಯತನಕ್ಕೆ ಮಾಡೋ ಉಪಕಾರ ಅಂತಲ್ಲ, ಮಾಡಲೇಬೇಕಾದ ಕೆಲಸ ಅಂತ.

ಮುಂದೆ ಏನಾಯ್ತು? ಡಿಸೆಂಬರ್ 19ಕ್ಕೆ, ಅಂದರೆ ಗಾಜು ಒಡೆದು ಒಂದೇ ವಾರಕ್ಕೆ, ಸಂಬಳ ಸರಿಯಾಗಿ, ಸಮಯಕ್ಕೆ ಹೋಗಿಲ್ಲ ಅಂತ ವಿಸ್ಟ್ರಾನ್ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ವೈಸ್ ಪ್ರೆಸಿಡೆಂಟನ್ನ ತೆಗೆಯಿತು. ಆಪಲ್ ತನ್ನ ನಿಯಮಗಳು ಮುರಿದಿವೆ ಅಂತ ಹೇಳಿ ವಿಸ್ಟ್ರಾನನ್ನ ಪ್ರೊಬೇಷನ್‌ನಲ್ಲಿಟ್ಟಿತು, ಸರಿಹೋಗೋ ತನಕ ಹೊಸ ಕೆಲಸ ಇಲ್ಲ ಅಂದಿತು. ಕೆಲಸಗಾರರು ಹೆಸರು ಹೇಳದೆ ದೂರು ಕೊಡೋಕೆ 24 ಗಂಟೆಯ ಸಹಾಯವಾಣಿಯೂ ಬಂತು. ಎಷ್ಟು ಭಾಷೆಯಲ್ಲಿ? ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷು. ಐದು!

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಮಾಲೂರಿನ ಕಡೆಗೆ ಹೋದರೆ ತಮಿಳೂ ಸೇರಿಕೊಳ್ಳುತ್ತೆ. ಇದು ಡಿಸೆಂಬರ್ 12ರಂದು ಕಂಡುಹಿಡಿದ ವಿಷಯವಲ್ಲವಲ್ಲ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಒಂದು ವಾರದಲ್ಲಿ ಆಗೋ ಕೆಲಸ ಎರಡು ತಿಂಗಳು ಯಾಕೆ ಆಗಲಿಲ್ಲ ಅನ್ನೋದಷ್ಟೇ ನನ್ನ ಪ್ರಶ್ನೆ. ಕಿವಿ ಇರಲಿಲ್ಲ ಅನ್ನೋ ಹಾಗಿಲ್ಲ, ಗಾಜಿನ ಸದ್ದಿಗೆ ತಕ್ಷಣ ಕೇಳಿಸಿತಲ್ಲ. ಹಾಗಾದರೆ ಕೆಲಸಗಾರರಿಗೆ ಸಿಕ್ಕ ಪಾಠ ಯಾವುದು? ಬಾಯಲ್ಲಿ ಹೇಳಿದರೆ ಕೇಳಲ್ಲ, ಕಲ್ಲಲ್ಲಿ ಹೇಳಿದರೆ ಕೇಳ್ತಾರೆ. ಈ ಪಾಠ ಹೇಳಿಕೊಟ್ಟವರು ಯಾರು ಅಂತ ನೀವೇ ಯೋಚಿಸಿ.

ವದಂತಿ ಬಗ್ಗೆಯೂ ಒಂದು ಮಾತು. ‘ಕಾರ್ಮಿಕರು ವದಂತಿ ನಂಬಿ ಕೆಟ್ಟರು’ ಅನ್ನೋರಿಗೆ ಇದು. ನಷ್ಟ ಎಷ್ಟಾಯ್ತು ಅಂತ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಇದ್ದದ್ದು ಸುಮಾರು 437 ಕೋಟಿ ರೂಪಾಯಿ. ಅದಾದ ಕೆಲವೇ ದಿನಕ್ಕೆ ತೈವಾನಿನ ಷೇರುಪೇಟೆಗೆ ಕಂಪನಿ ಹೇಳಿದ ಪ್ರಾಥಮಿಕ ಅಂದಾಜು 10ರಿಂದ 20 ಕೋಟಿ ತೈವಾನ್ ಡಾಲರು. ನಮ್ಮ ಲೆಕ್ಕಕ್ಕೆ ಸುಮಾರು 26ರಿಂದ 52 ಕೋಟಿ ರೂಪಾಯಿ. ಗಡಿಬಿಡಿಯಲ್ಲಿ ಬರೆದ ಲೆಕ್ಕ ಹೆಚ್ಚುಕಮ್ಮಿ ಆಗಿರಬಹುದು, ಒಪ್ಪೋಣ. ಆದರೆ ಆ ರಿಯಾಯಿತಿ ಕಂಪನಿಗೆ ಕೊಡೋದಾದರೆ, ‘ಈ ತಿಂಗಳೂ ಸಂಬಳ ಬರಲ್ವಂತೆ’ ಅಂತ ಬಸ್ಸಲ್ಲಿ ಮಾತಾಡಿಕೊಂಡ ಹುಡುಗನಿಗೂ ಕೊಡಬೇಕಲ್ಲವಾ? ಹಿಂದಿನ ತಿಂಗಳ ಸಂಬಳ ಸರಿಯಾಗಿ ಬರದೆ ಇದ್ದವನ ಮಾತು ಅದು. ಅದನ್ನ ವದಂತಿ ಅನ್ನೋದಕ್ಕಿಂತ ಅನುಭವ ಅನ್ನೋದೇ ಸರಿ.

ಅನುಮಾನ ಅನ್ನೋದು ಕೆಲಸಗಾರರ ರೋಗ ಅಂತ ಮ್ಯಾನೇಜ್‌ಮೆಂಟಿನವರು ತಿಳಿದಿದ್ದಾರೆ. ನಮ್ಮ ಜಿಲ್ಲೆಯ ಇತಿಹಾಸ ಬೇರೆಯೇ ಹೇಳುತ್ತೆ. 1930ರಲ್ಲಿ ಕೆಜಿಎಫ್ ಚಿನ್ನದ ಗಣಿಯ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಕೆಲಸ ನಿಲ್ಲಿಸಿದ್ದರು. ಕಾರಣ, ಬೆರಳಚ್ಚು ಒತ್ತಿಸಿಕೊಂಡು ಹೆಸರು ನೋಂದಾಯಿಸೋ ಹೊಸ ಪದ್ಧತಿ. ಬ್ರಿಟಿಷ್ ಮ್ಯಾನೇಜರುಗಳಿಗೆ ಅದು ಬರೀ ಒಂದು ದಾಖಲೆ. ಭೂಮಿಯೊಳಗೆ ಇಳಿಯೋನಿಗೆ ಮಾತ್ರ ‘ನನ್ನ ಬೆರಳು ಇವರಿಗ್ಯಾಕೆ ಬೇಕು’ ಅನ್ನೋ ಪ್ರಶ್ನೆ. ತೊಂಬತ್ತು ವರ್ಷ ಆದಮೇಲೆ, ಅದೇ ಜಿಲ್ಲೆಯಲ್ಲಿ, ಹಾಜರಿ ಲೆಕ್ಕ ತಪ್ಪಿದ ವ್ಯವಸ್ಥೆಯಿಂದ ಇನ್ನೊಂದು ಬೆಂಕಿ. ಎರಡು ಕಡೆಯೂ ಯಂತ್ರದ ಮೇಲೆ ಸಿಟ್ಟಿರಲಿಲ್ಲ. ತಮ್ಮನ್ನ ಲೆಕ್ಕ ಹಾಕೋರು ತಮಗೆ ಲೆಕ್ಕ ಕೊಡಲ್ಲ ಅನ್ನೋದರ ಮೇಲೆ ಸಿಟ್ಟಿತ್ತು.

ಬೆಂಗಳೂರಿನಲ್ಲೂ ಆಗಿದೆ. 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೊಮ್ಮನಹಳ್ಳಿ, ಹೊಸೂರು ರಸ್ತೆಗೆ ಇಳಿದದ್ದು ನೆನಪಿದೆಯಾ? ಅವತ್ತು ನಾವು ಟ್ರಾಫಿಕ್ಕಿನಲ್ಲಿ ಕೂತು ಬೈದುಕೊಂಡೆವು. ಪಿಎಫ್ ದುಡ್ಡು ತೆಗೆಯೋ ನಿಯಮವನ್ನ ಕೇಂದ್ರ ಸರ್ಕಾರ ಬದಲಾಯಿಸಿತ್ತು. ಕೆಲಸ ಬಿಟ್ಟಾಗ ಮಗಳ ಮದುವೆಗೋ ಸಾಲ ತೀರಿಸೋಕೋ ಆಗುತ್ತೆ ಅಂತ ನಂಬಿದ್ದ ದುಡ್ಡು ಅದು. ಯಾರೂ ಅವರನ್ನ ಕೂರಿಸಿ ವಿವರಿಸಿರಲಿಲ್ಲ. ಎರಡು ದಿನ ರಸ್ತೆ ನಿಂತಿತು, ನಿಯಮ ವಾಪಸ್ಸಾಯಿತು. ಅಂದರೆ ವಾಪಸ್ಸು ತಗೊಳ್ಳಬಹುದಾದ ನಿಯಮವೇ ಅದು. ಮುಂಚೆಯೇ ಕೇಳಿದ್ದರೆ ಏನು ಹೋಗುತ್ತಿತ್ತು?

ಈಗ ಎಚ್‌ಆರ್‌ನಲ್ಲಿರೋ ನನ್ನ ಗೆಳತಿಯ ಮಾತಿಗೆ ಬರ್ತೀನಿ. ‘ನಾವು ಹೇಳೋದನ್ನ ಯಾರು ಓದ್ತಾರೆ ಕಣೋ? ಮೇಲ್ ಕಳಿಸಿದ್ರೆ ನೂರಕ್ಕೆ ಹತ್ತು ಜನ ತೆರೆಯಲ್ಲ. ಆಮೇಲೆ ಹೇಳಲಿಲ್ಲ ಅಂತ ನಮ್ಮ ಮೇಲೇ ಬೀಳ್ತೀರ’ ಅಂತಾಳೆ. ಅವಳ ಸಂಕಟ ನಿಜ. ಬಹಳ ಸಲ ಅವಳಿಗೂ ನಿರ್ಧಾರ ಗೊತ್ತಾಗೋದು ನಮಗಿಂತ ಅರ್ಧ ಗಂಟೆ ಮುಂಚೆ. ಕೇಳಿದ ಪ್ರಶ್ನೆಗೆ ‘ನೋಡ್ತಾ ಇದ್ದೀವಿ’ ಅನ್ನೋದು ಬಿಟ್ಟು ಬೇರೆ ಅಧಿಕಾರ ಅವಳಿಗಿಲ್ಲ. ನರಸಾಪುರದಲ್ಲೂ ಅಷ್ಟೇ, ಹತ್ತು ಸಾವಿರ ಜನಕ್ಕೆ ಸಾಲದ ಎಚ್‌ಆರ್‌ನಲ್ಲಿ ಕೂತಿದ್ದವರೂ ಯಾರದೋ ಮಕ್ಕಳೇ.

ಆದರೆ ಜನ ಓದಲ್ಲ ಅನ್ನೋದು ಸುಳ್ಳು. ಬ್ಯಾಂಕಿನ ಮೆಸೇಜನ್ನ ಓದದೆ ಬಿಟ್ಟವರನ್ನ ನಾನು ನೋಡಿಲ್ಲ. ಆಫರ್ ಲೆಟರಿನ ಮೂರನೇ ಪುಟದ ಸಣ್ಣ ಅಕ್ಷರವನ್ನೂ ಓದ್ತಾರೆ. ಓದದೆ ಬಿಡೋದು ಏನನ್ನ ಅಂದರೆ, ಹತ್ತು ಸಾಲು ಸಿಹಿ ಬರೆದು ಹನ್ನೊಂದನೇ ಸಾಲಲ್ಲಿ ಕಹಿ ಅಡಗಿಸಿರೋ ಮೇಲುಗಳನ್ನ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ‘ಖುಷಿಯ ಬದಲಾವಣೆಗಳು’ ಅಂತ ಹೆಸರಿಟ್ಟು ಒಂದು ಮೇಲ್ ಬಂತು. ಹೊಸ ಕ್ಯಾಂಟೀನು, ಹೊಸ ಆ್ಯಪು, ಯೋಗ ಕ್ಲಾಸು ಎಲ್ಲ ಆದಮೇಲೆ ಕೊನೆಯಲ್ಲಿ ಒಂದು ಸಾಲು, ವೇರಿಯಬಲ್ ಪೇ ಲೆಕ್ಕ ಹಾಕೋ ರೀತಿ ಬದಲಾಗಿದೆ ಅಂತ. ಮಾರ್ಚ್‌ನಲ್ಲಿ ಎಲ್ಲರಿಗೂ ಕಡಿಮೆ ಬಂತು. ಅವತ್ತಿಂದ ಆ ಕಂಪನಿಯಿಂದ ‘ಖುಷಿ’ ಅನ್ನೋ ಪದ ಬಂದರೆ ಜನ ಮೊದಲು ಕೊನೇ ಸಾಲು ಹುಡುಕುತ್ತಿದ್ದರು. ಅದನ್ನೂ ಅನುಮಾನದ ರೋಗ ಅಂತೀರಾ?

2021ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಟರ್ ಡಾಟ್ ಕಾಮ್ ಸಿಇಓ ಒಂದೇ ಜೂಮ್ ಕಾಲಿನಲ್ಲಿ ಸುಮಾರು 900 ಜನರನ್ನ ಮನೆಗೆ ಕಳಿಸಿದಾಗ ಜಗತ್ತೆಲ್ಲ ಅಯ್ಯೋ ಅಂದಿತು. ತಂತ್ರಜ್ಞಾನಕ್ಕೆ ಕೊರತೆ ಇರಲಿಲ್ಲ, ಮಾತಿಗೂ ಕೊರತೆ ಇರಲಿಲ್ಲ. ಎಲ್ಲರಿಗೂ ಒಂದೇ ಹೊತ್ತಿಗೆ, ಸ್ಪಷ್ಟವಾಗಿ ತಲುಪಿತು. ಆದರೂ ಅದು ಅವಮಾನ. ಯಾಕೆಂದರೆ ಅಲ್ಲಿ ವಾಪಸ್ಸು ಮಾತಾಡೋಕೆ ಜಾಗ ಇರಲಿಲ್ಲ. ಒಂದೇ ಕಡೆಗೆ ಹರಿಯೋದನ್ನ ಘೋಷಣೆ ಅನ್ನಬೇಕು, ಸಂವಹನ ಅನ್ನಬಾರದು. ಟಮಟಮ ಹೊಡೆಯೋನು ಊರಿನ ಜೊತೆ ಮಾತಾಡ್ತಾ ಇರಲಿಲ್ಲವಲ್ಲ.

ಹಾಗಾದರೆ ನಂಬಿಕೆ ಹೇಗೆ ಹುಟ್ಟುತ್ತೆ? ಇದಕ್ಕೆ ಅಮೆರಿಕದ ಮ್ಯಾನೇಜ್‌ಮೆಂಟ್ ಪುಸ್ತಕ ಬೇಡ. ನಮ್ಮ ಕಡೆಯ ಯಾವ ಹಳ್ಳಿಯ ಹಾಲಿನ ಡೇರಿಗಾದರೂ ಬೆಳಗ್ಗೆ ಹೋಗಿ ನಿಂತು ನೋಡಿ. ಹಾಲು ಸುರಿದ ಕೂಡಲೇ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ದರ ಎಷ್ಟು ಅಂತ ಚೀಟಿ ಬರುತ್ತೆ, ಇಲ್ಲ ಪುಸ್ತಕದಲ್ಲಿ ಬರೀತಾರೆ. ಅಲ್ಲೇನು ಎಲ್ಲರೂ ಸೆಕ್ರೆಟರಿಯನ್ನ ದೇವರು ಅಂತ ನಂಬಿದ್ದಾರಾ? ಇಲ್ಲವೇ ಇಲ್ಲ. ‘ನಿನ್ನೆ ನಾಲ್ಕು ಬಂದ ಫ್ಯಾಟು ಇವತ್ತು ಮೂರೂವರೆ ಹೆಂಗಾಯ್ತು, ಅದೇ ಹಸು, ಅದೇ ಮೇವು’ ಅಂತ ದಿನಾ ಜಗಳ. ಆದರೆ ಆ ಜಗಳ ಒಂದು ಅಂಕಿಯ ಮೇಲೆ, ಆ ಅಂಕಿ ಕೊಟ್ಟ ಮನುಷ್ಯನ ಮುಂದೆ, ಅವತ್ತೇ. ಸೆಕ್ರೆಟರಿ ಅದೇ ಊರಿನವನು, ಸಂಜೆ ಮತ್ತೆ ಮುಖ ತೋರಿಸಬೇಕು. ದಿನಾ ಕೌಂಟರಿನಲ್ಲಿ ಸಣ್ಣ ಜಗಳ ಆಡೋಕೆ ಬಿಟ್ಟಿರೋದರಿಂದಲೇ ವರ್ಷಕ್ಕೊಮ್ಮೆ ಡೇರಿಗೆ ಕಲ್ಲು ಬೀಳಲ್ಲ.

ನಂಬಿಕೆ ಅಂದರೆ ನನ್ನ ಪ್ರಕಾರ ಇಷ್ಟೇ. ಪರೀಕ್ಷೆ ಮಾಡಿ ನೋಡೋಕೆ ಬಿಡೋದು. ನೋಡಿದಾಗ ಲೆಕ್ಕ ಸರಿ ಇರೋದು. ಸರಿ ಇಲ್ಲದಿದ್ದರೆ ಸರಿ ಮಾಡೋ ಅಧಿಕಾರ ಇರೋನು ಕೈಗೆ ಸಿಗೋದು. ಈ ಮೂರು ಇಲ್ಲದೆ ಎಷ್ಟು ಟೌನ್‌ಹಾಲ್ ಮಾಡಿದರೂ ಅಷ್ಟೇ. ಇನ್ನೂ ಹೇಳಬೇಕೆಂದರೆ ಮಾತು ಜಾಸ್ತಿ ಆದಷ್ಟೂ ಅನುಮಾನ ಜಾಸ್ತಿ ಆಗುತ್ತೆ. ಸಾಲ ಕೊಡಬೇಕಾದವನು ದುಡ್ಡಿನ ಬದಲು ಕಥೆ ಹೇಳ್ತಾ ಹೋದರೆ ನಮಗೆ ಏನನ್ನಿಸುತ್ತೆ?

‘ಇದೆಲ್ಲ ಫ್ಯಾಕ್ಟರಿಯವರ ಪಾಡು, ನಾವು ಸಾಫ್ಟ್‌ವೇರಿನವರು’ ಅಂತ ನೀವು ಅಂದುಕೊಂಡಿದ್ದರೆ, ಎರಡು ಮಾತು. ಒಂದು, ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಅವಧಿ ಅವಧಿಗೆ ವಿನಾಯಿತಿ ಕೊಡುತ್ತಾ ಬಂದಾಗ ಸುಮ್ಮನೆ ಕೊಟ್ಟಿಲ್ಲ. ನೌಕರರ ಅಹವಾಲು ಕೇಳೋ ಸಮಿತಿ ಇರಬೇಕು ಅನ್ನೋದು ಅದರ ಷರತ್ತುಗಳಲ್ಲಿ ಒಂದಾಗಿತ್ತು. ನಿಮ್ಮ ಆಫೀಸಿನಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ, ಹೆಸರು ಹೇಳಿ ನೋಡೋಣ. ಪಿಂಗ್‌ಪಾಂಗ್ ಟೂರ್ನಮೆಂಟಿನ ಸಮಿತಿ ಗೊತ್ತು, ಇದು ಗೊತ್ತಿಲ್ಲ ಅಲ್ವಾ?

ಎರಡು, ನೀವು ಕೂತಿರೋ ಕಟ್ಟಡದಲ್ಲೇ ಒಂದು ನರಸಾಪುರ ಇದೆ. ಗೇಟಿನಲ್ಲಿ ನಿಲ್ಲೋ ಸೆಕ್ಯುರಿಟಿ, ಟಾಯ್ಲೆಟ್ ತೊಳೆಯೋ ಅಕ್ಕ, ರಾತ್ರಿ ಕ್ಯಾಬ್ ಓಡಿಸೋ ಅಣ್ಣ. ಬೆಳಗ್ಗೆ ಮಾಲೂರಿನಿಂದಲೋ ಬಂಗಾರಪೇಟೆಯಿಂದಲೋ ರೈಲು ಹತ್ತಿ ಬರೋರೂ ಇವರಲ್ಲಿದ್ದಾರೆ. ನಿಮ್ಮ ಕಂಪನಿಯ ‘ಒಂದೇ ಕುಟುಂಬ’ ಮೇಲು ಇವರಿಗೆ ಹೋಗಲ್ಲ, ಇವರಿಗೆ ಕಂಪನಿಯ ಮೇಲ್ ಐಡಿಯೇ ಇಲ್ಲ. ಇವರ ಸಂಬಳ ತಡವಾದರೆ ನಿಮ್ಮ ಎಚ್‌ಆರ್ ‘ಅದು ವೆಂಡರ್ ವಿಷಯ’ ಅಂತಾರೆ. ಅದೇ ಮೂರು ಬಾಗಿಲು, ನಾಲ್ಕನೆಯದು ಇಲ್ಲ.

ನರಸಾಪುರದ ಆ ಕಾರ್ಖಾನೆಯನ್ನ 2023ರಲ್ಲಿ ಟಾಟಾ ಕೊಂಡುಕೊಂಡಿತು. ಬೋರ್ಡು ಬದಲಾಗಿದೆ. ಗೇಟಿನ ಹೊರಗೆ ಏನು ಬರೆದಿದೆ ಅನ್ನೋದು ನನಗೆ ಮುಖ್ಯವಲ್ಲ. ಒಳಗಿರೋ ಗುತ್ತಿಗೆ ಹುಡುಗಿಗೆ ತಿಂಗಳ ಕೊನೆಗೆ ತನ್ನ ದಿನ ಎಷ್ಟು, ಓಟಿ ಎಷ್ಟು, ಕಡಿತ ಎಷ್ಟು ಅಂತ ಅವಳಿಗೆ ಬರೋ ಭಾಷೆಯಲ್ಲಿ ಚೀಟಿ ಸಿಗುತ್ತಾ, ತಪ್ಪಿದ್ದರೆ ಯಾರ ಹತ್ತಿರ ಹೋಗಬೇಕು ಅಂತ ಗೊತ್ತಾ, ಹೋದರೆ ಎಷ್ಟು ದಿನದಲ್ಲಿ ಉತ್ತರ ಬರುತ್ತೆ? ಆ ಕಾರ್ಖಾನೆ ಅಂತಲ್ಲ, ಮಾಲೂರು, ವೇಮಗಲ್‌ನಲ್ಲಿರೋ ಎಲ್ಲ ಕಾರ್ಖಾನೆಗಳಿಗೂ, ಔಟರ್ ರಿಂಗ್ ರೋಡಿನ ಎಲ್ಲ ಟೆಕ್‌ಪಾರ್ಕುಗಳಿಗೂ ಇದೇ ಪ್ರಶ್ನೆ.

ಮುಂದಿನ ಟೌನ್‌ಹಾಲ್‌ನಲ್ಲಿ ಕೊನೆಗೆ ‘ಎನಿ ಕ್ವೆಶ್ಚನ್ಸ್’ ಅಂತ ಕೇಳ್ತಾರಲ್ಲ, ಎಲ್ಲರೂ ಪಿಜ್ಜಾ ಕಡೆ ನೋಡೋ ಹೊತ್ತು, ಆಗ ಕೈ ಎತ್ತಿ ಒಂದು ಪ್ರಶ್ನೆ ಕೇಳಿ. ಈ ಬಿಲ್ಡಿಂಗ್ ಗುಡಿಸೋರಿಗೆ ಹೋದ ತಿಂಗಳ ಸಂಬಳ ಯಾವ ತಾರೀಕು ಬಂತು, ಅದನ್ನ ನಮ್ಮ ಕಂಪನಿಯಿಂದ ಯಾರು ನೋಡಿ ಸಹಿ ಹಾಕಿದರು? ಉತ್ತರ ಗೊತ್ತಿದ್ದರೆ ಸಂತೋಷ, ಚಪ್ಪಾಳೆ ತಟ್ಟಿ. ‘ಒಳ್ಳೇ ಪ್ರಶ್ನೆ, ಆಮೇಲೆ ಆಫ್‌ಲೈನ್ ಮಾತಾಡೋಣ’ ಅಂದರೆ ಮಾತ್ರ ಬಿಡಬೇಡಿ. ತಾರೀಕು ಕೇಳಿ, ಬರೆದಿಟ್ಟುಕೊಳ್ಳಿ, ಆ ತಾರೀಕಿಗೆ ಮತ್ತೆ ಹೋಗಿ ಕೇಳಿ.